ಚಾಲೂ ಇದ್ದಾಗಲೇ ರಿಪೇರಿ

ನಮ್ಮ ಕಾಕಾನಷ್ಟು ಹುಷಾರಿನ ಮನುಷ್ಯರು ಇಡೀ ನಾಗಪುರದಲ್ಲಿ ಇನ್ನೊಬ್ಬರಿಲ್ಲ. ಅವರಷ್ಟು ಸಲ ಕರೆಂಟು ಹೊಡೆಸಿಕೊಂಡವರೂ ಇನ್ನೊಬ್ಬರಿಲ್ಲ! ಈ ಎರಡು ಮಾತು ಒಟ್ಟಿಗೆ ನಿಜವಾಗುವುದು ಹೇಗೆ ಎಂದು ಕೇಳುತ್ತೀರಾ? ಕಾಕಾನನ್ನು ನೋಡದವರೆಲ್ಲ ಹಾಗೆಯೇ ಕೇಳುತ್ತಾರೆ. ನೋಡಿದವರು ಏನೂ ಕೇಳದೆ ಒಂದು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಾರೆ.

ಕಾಕಾ ಎಂದರೆ ನನ್ನ ತಂದೆಯ ತಮ್ಮ. ಮೂಲತಃ ಧಾರವಾಡದ ಕಡೆಯವರಾದ ನಾವು ಅಜ್ಜನ ಸರ್ಕಾರಿ ನೌಕರಿಯ ಬೆನ್ನು ಹತ್ತಿ ಇಲ್ಲಿಗೆ ಬಂದು, ಧರಮಪೇಠದ ಒಂದೇ ಮನೆಯಲ್ಲಿ ಅಜ್ಜಿ, ಅಪ್ಪ, ಅಮ್ಮ, ಕಾಕಾ, ಅವರ ಹೆಂಡತಿ ಕಾಕು, ನಾನು, ನನ್ನಕ್ಕ ಎಂದು ತುಂಬಿಕೊಂಡಿದ್ದವರು. ಆ ಮನೆಯಲ್ಲಿ ಕಾಕಾನದು ಒಂದೇ ಕಾನೂನು: ಚಾಲೂ ಇದ್ದದ್ದನ್ನು ಬಂದ್ ಮಾಡಬಾರದು. ಕೆಟ್ಟಿದೆಯೇ? ಓಡುತ್ತಿರುವಾಗಲೇ ತಿದ್ದಬೇಕು. ಗೋಡೆ ಗಡಿಯಾರದ ಮುಳ್ಳು ಸರಿಮಾಡುವುದೂ ಹಾಗೆಯೇ, ಮಿಕ್ಸರಿನ ಸ್ಕ್ರೂ ಬಿಗಿ ಮಾಡುವುದೂ ಹಾಗೆಯೇ. ಮಿಕ್ಸರಿನಲ್ಲಿ ಚಟ್ನಿ ಇದ್ದರೆ ಗೋಡೆಗೂ ಚಟ್ನಿ, ಕಾಕಾನ ಕನ್ನಡಕಕ್ಕೂ ಚಟ್ನಿ.

"ಒಂದ ಕ್ಷಣ ಬಂದ್ ಮಾಡಿದ್ರ ನಿಮ್ಮ ಗಂಟೇನ್ರೀ ಹೋಗ್ತದ?" ಎಂದು ಕಾಕು ಬೈಯುತ್ತಿದ್ದರು. ಕಾಕುವಿಗೆ ಬೈಯುವುದು ಉಸಿರಾಟದಷ್ಟೇ ಸಹಜ. ಕಾಕಾನಿಗೆ ಬೈಸಿಕೊಳ್ಳುವುದೂ ಅಷ್ಟೇ ಸಹಜ. ಹೇಳಿ ಮಾಡಿಸಿದ ಜೋಡಿ!

ಬೆಳಿಗ್ಗೆ ಕಾಕಾ ತರ್ರಿ ಪೋಹಾ ತಿನ್ನಲು ಗಾಡಿಯಂಗಡಿಗೆ ಹೋದರೆ ಸ್ಕೂಟರಿನ ಎಂಜಿನ್ ಬಂದ್ ಮಾಡುತ್ತಿರಲಿಲ್ಲ. ಸ್ಟ್ಯಾಂಡ್ ಹಾಕಿ ಹಾಗೆಯೇ ಭುಸುಗುಡಲು ಬಿಟ್ಟು, ಪಕ್ಕದಲ್ಲಿ ನಿಂತು ಅವಲಕ್ಕಿಯ ಮೇಲೆ ಖಾರದ ರಸ ಸುರಿಸಿಕೊಂಡು ತಿನ್ನುವವರು. ಅಂಗಡಿಯವನು ಹೊಗೆ ಕುಡಿದು ಕುಡಿದು ಸಾಕಾಗಿ, "ಸಾಹೇಬ್, ಗಾಡಿ ಬಂದ್ ಕರಾ ನಾ!" ಎಂದು ಕೈ ಮುಗಿದರೆ, "ಚಾಲೂ ಆಹೇ, ಚಾಲೂ ರಾಹೂ ದೇ!" ಓಡುತ್ತಿದೆ, ಓಡಲಿ ಬಿಡು ಎಂದು ಅವನಿಗೇ ಸಮಾಧಾನ ಹೇಳುತ್ತಿದ್ದರು. ಒಂದು ದಿನ ಆ ಸ್ಕೂಟರು ನಡುಗುತ್ತ ನಡುಗುತ್ತ ಸ್ಟ್ಯಾಂಡಿನಿಂದ ಜಾರಿ ಪಕ್ಕದ ಕಿತ್ತಳೆ ರಾಶಿಯ ಮೇಲೆ ಮಲಗಿತು. ಆ ವಾರವೆಲ್ಲ ನಮ್ಮ ಮನೆಯಲ್ಲಿ ಬಂದವರಿಗೂ ಹೋದವರಿಗೂ ಕಿತ್ತಳೆ ರಸವೇ.

ಇನ್ನು ಕೂಲರಿನ ಪ್ರಸಂಗ. ನಾಗಪುರದ ಮೇ ತಿಂಗಳಿನಲ್ಲಿ ಕಾಗೆ ಕೂಡ ನೆರಳು ಹುಡುಕಿಕೊಂಡು ನಡೆದೇ ಹೋಗುತ್ತದೆ. ಆಗ ಇಲ್ಲಿ ಕಿಟಕಿ ಕಿಟಕಿಗೂ ಒಂದೊಂದು ತಗಡಿನ ಕೂಲರ್ ಕೂತಿರುತ್ತದೆ. ಹೊಟ್ಟೆಯಲ್ಲಿ ನೀರು, ಮೂರು ಮಗ್ಗುಲಿಗೂ ಒದ್ದೆ ಹುಲ್ಲು, ನಡುವೆ ಗುಡುಗುಡು ತಿರುಗುವ ಫ್ಯಾನು. ಹುಲ್ಲು ಹಳತಾದರೆ ಬದಲಿಸಬೇಕು. ಎಲ್ಲರೂ ಪ್ಲಗ್ ಕಿತ್ತು ಬದಲಿಸುತ್ತಾರೆ. ನಮ್ಮ ಕಾಕಾ? ಅಂದು ನನ್ನಕ್ಕನನ್ನು ನೋಡಲು ಹತ್ತಿರದ ಕಾಮಠಿ ದಂಡುಪ್ರದೇಶದಿಂದ ಒಂದು ಕನ್ನಡ ಮಿಲಿಟರಿ ಕುಟುಂಬ ಬಂದು ಒಳಗೆ ಕೂತಿತ್ತು. ಬೀಗರಾಗಬೇಕಾದವರಿಗೆ ಸೆಕೆಯಾದೀತು ಎಂಬ ಸದುದ್ದೇಶದಿಂದ ಕಾಕಾ ಹೊರಗಿನಿಂದ, ಓಡುತ್ತಿದ್ದ ಕೂಲರಿಗೇ ಕೈ ಹಾಕಿದರು. ಹುಡುಗನ ತಂದೆ ನೆಟ್ಟಗೆ ಕೂತು, ದಪ್ಪ ಮೀಸೆ ತಿರುವುತ್ತ, "ಹುಡುಗಿ ಏನು ಓದಿದ್ದಾಳೆ?" ಎಂದು ಬಾಯಿ ತೆರೆದರು, ಅಷ್ಟೇ! ತಣ್ಣೀರು, ಕೊಳೆತ ಹುಲ್ಲು, ಒಂದು ಬಡಪಾಯಿ ಹಲ್ಲಿ, ಎಲ್ಲವೂ ಫ್ಯಾನಿನ ವೇಗದಲ್ಲಿ ಅವರ ಮೇಲೆ ಬಂದವು. ಕಿಟಕಿಯಾಚೆಯಿಂದ ಕಾಕಾನ ದನಿ ಕೇಳಿತು: "ಈಗ ಗಾಳಿ ಹೆಂಗದ್ರೀ? ಮೊದಲಿಗಿಂತ ಚಲೋ ಬರ್ಲಿಕ್ಕೆ ಹತ್ತ್ಯದಲ್ಲಾ?"

ಸಂಬಂಧ ಮುರಿಯಿತು ಎಂದುಕೊಂಡಿರಾ? ಇಲ್ಲ! ಆ ಹುಡುಗ ನಗು ತಡೆಯಲಾರದೆ ಅಲ್ಲೇ ಒಪ್ಪಿಬಿಟ್ಟ. ಇಂಥ ಕಾಕಾ ಇರುವ ಮನೆಯಲ್ಲಿ ಜನ್ಮದಲ್ಲಿ ಬೇಸರವಾಗದು ಎಂದು ಅನಿಸಿತಂತೆ. ಈಗ ಅವನೇ ನಮ್ಮ ಭಾವ.

ಇಂಥವರಿಗೆ ಯಾರಾದರೂ ನೌಕರಿ ಕೊಡುತ್ತಾರೆಯೇ? ಕೊಟ್ಟಿದ್ದಾರೆ, ಅದೂ ಇದೇ ಕೆಲಸಕ್ಕೆ! ನಮ್ಮೂರ ಹತ್ತಿರದ ಮೌದಾ ವಿದ್ಯುತ್ ಸ್ಥಾವರದಲ್ಲಿ ಹಗಲಿರುಳು ಕರೆಂಟು ತಯಾರಾಗುವಂತೆ, ಹಗಲಿರುಳು ನಿಲ್ಲದೆ ಓಡಬೇಕಾದ ಕಂಪ್ಯೂಟರುಗಳೂ ಜಗತ್ತಿನಲ್ಲಿವೆ. ಅವುಗಳೊಳಗೆ ಕರ್ನೆಲ್ ಎಂಬ ಯಜಮಾನ ಕೂತಿರುತ್ತಾನೆ. ಯಾರಿಗೆ ಎಷ್ಟು ಜಾಗ, ಯಾರ ಸರದಿ ಯಾವಾಗ, ಎಲ್ಲ ಅವನದೇ ಯಜಮಾನಿಕೆ. ಅವನಲ್ಲೇ ಒಂದು ತಪ್ಪು ಸಿಕ್ಕಿತೆನ್ನಿ. ಯಂತ್ರ ನಿಲ್ಲಿಸುವಂತಿಲ್ಲ, ತಪ್ಪು ಬಿಡುವಂತಿಲ್ಲ. ಆಗ ಕಾಕಾನನ್ನು ಕರೆಯುತ್ತಾರೆ.

ಇದರಲ್ಲಿ ಇನ್ನೂ ಒಂದು ತೊಡಕಿದೆ. ಕರ್ನೆಲಿನ ಬರಹ ಇರುವ ನೆನಪಿನ ಪುಟಗಳಿಗೆ ಬೀಗ ಹಾಕಿರುತ್ತಾರೆ. ಓದಬಹುದು, ಅದರಂತೆ ನಡೆಯಬಹುದು, ತಿದ್ದುವ ಹಾಗಿಲ್ಲ. ಕಳ್ಳರು ನುಗ್ಗಿ ತಮಗೆ ಬೇಕಾದ್ದನ್ನು ಬರೆದುಬಿಟ್ಟರೆ ಎಂಬ ಭಯ. "ಹಂಗಾದ್ರ ನೀವು ಬೀಗಾ ತಗದು ತಿದ್ದತೀರೇನು?" ಎಂದು ನಾನೊಮ್ಮೆ ಕೇಳಿದೆ.

"ಬೀಗಾ ತಗದ್ರ ಕೆಟ್ಟೇ ಹೋತಲ್ಲ! ನಾ ತಗದ ಹೊತ್ತಿಗೇ ಕಳ್ಳನೂ ಬಂದ್ರ? ತಿದ್ದೋದು ಹೆಂಗಂದ್ರ..." ಎಂದು ಕಾಕಾ ತಲೆ ಕೆರೆದುಕೊಂಡು, "ಅವ್ವನ ಸಾರು ನೆನಪದ ಏನು?" ಎಂದರು.

ನೆನಪಿಲ್ಲದೆ ಏನು!

ನಮ್ಮ ಅಜ್ಜಿಯದು ಬಲು ಮಡಿ. ಅವರು ಅಡುಗೆಮನೆಯಲ್ಲಿದ್ದರೆ ನಾವು ಹೊಸ್ತಿಲಾಚೆ ನಿಂತು ನೋಡಬಹುದು, ಮೂಸಬಹುದು, ಮುಟ್ಟುವ ಹಾಗಿಲ್ಲ. ವಯಸ್ಸಾದಂತೆ ಅಜ್ಜಿ ಸಾರಿಗೆ ಉಪ್ಪು ಹಾಕುವುದನ್ನು ಮರೆಯತೊಡಗಿದರು. ನಾಲಿಗೆಗೂ ರುಚಿ ತಿಳಿಯುತ್ತಿರಲಿಲ್ಲ. ಅಪ್ಪ ಒಂದು ದಿನ "ಅವ್ವಾ, ಸಾರಿಗೆ..." ಎಂದು ಶುರು ಮಾಡಿದ್ದೇ ಅಮ್ಮ ಬಡಿಸುವ ನೆಪದಲ್ಲಿ ಅವರ ಕಾಲು ತುಳಿದರು. ಹೇಳುವುದು ಹೇಗೆ? ಹೇಳಿದರೆ ಅಜ್ಜಿ ಒಲೆ ಬಿಟ್ಟು ಮೂಲೆ ಹಿಡಿಯುತ್ತಿದ್ದರು. ಅವರ ಪ್ರಾಣವೆಲ್ಲ ಆ ಅಡುಗೆಮನೆಯಲ್ಲೇ ಇತ್ತು.

ಒಲೆಯ ಕಟ್ಟೆಯ ಮೇಲೆ ಹಿತ್ತಿಲ ಕಡೆಗೆ ಒಂದು ಚಿಕ್ಕ ಕಿಟಕಿ ಇತ್ತು, ಯಾವಾಗಲೂ ಮುಚ್ಚಿರುತ್ತಿತ್ತು. ಅಜ್ಜಿ ತುಳಸಿಗೆ ನೀರು ಹಾಕಲು ಅಂಗಳಕ್ಕೆ ಹೋದ ಕೂಡಲೇ ಕಾಕಾ ಹಿತ್ತಿಲಿಗೆ ಓಡಿ ಅದನ್ನು ತೆರೆಯುತ್ತಿದ್ದರು. ಮೊದಲು ಕೈ ಚಾಚಿ ಸಾರಿನ ಪಾತ್ರೆಗೆ ಮುಚ್ಚಳ ಹಾಕುವುದು. ಮುಚ್ಚಳವಿದ್ದರೆ ಯಾರೂ ಬಡಿಸಕೂಡದು, ಕಾಯಬೇಕು ಎಂದು ಮನೆಯವರಿಗೆಲ್ಲ ಗುಟ್ಟಾಗಿ ಹೇಳಿಯಾಗಿತ್ತು. ಆಮೇಲೆ ಮುಚ್ಚಳವನ್ನು ತುಸುವೇ ಓರೆ ಮಾಡಿ ಉಪ್ಪು ಹಾಕಿ, ಉದ್ದ ಹಿಡಿಕೆಯ ಸೌಟಿನಿಂದ ತಿರುವುವುದು. ಎಲ್ಲ ಮುಗಿದ ಮೇಲೆ ಮುಚ್ಚಳ ತೆಗೆಯುವುದು, ಕಿಟಕಿ ಮುಚ್ಚುವುದು. ಬಾಗಿಲಿನಿಂದ ಹೋದರೂ ಅದೇ ಪಾತ್ರೆ, ಕಿಟಕಿಯಿಂದ ಹೋದರೂ ಅದೇ ಪಾತ್ರೆ. ಆದರೆ ಬಾಗಿಲಿನ ಮಡಿ ಮಡಿಯಾಗಿಯೇ ಉಳಿಯುತ್ತಿತ್ತು!

"ನಂ ಆಫೀಸಿನ್ಯಾಗೂ ಹಿಂಗ ನೋಡು" ಎಂದರು ಕಾಕಾ. ನೆನಪಿನ ಅದೇ ಜಾಗಕ್ಕೆ ತಾತ್ಕಾಲಿಕವಾಗಿ ಇನ್ನೊಂದು ವಿಳಾಸ ಕೊಡುತ್ತಾರಂತೆ. ಅದು ತಿದ್ದುವವನೊಬ್ಬನಿಗೇ ಕಾಣುತ್ತದೆ. ಓಡುತ್ತ ಬಂದ ಯಂತ್ರ ಅರ್ಧ ತಿದ್ದಿದ ಸಾಲನ್ನು ಓದಿ ಮುಗ್ಗರಿಸದಿರಲಿ ಎಂದು ಸಾಲಿನ ಮೊದಲಿಗೇ ಒಂದು ತಡೆ ಇಡುತ್ತಾರೆ. ಮಿಕ್ಕದ್ದನ್ನೆಲ್ಲ ಬರೆದು, ಕೊನೆಗೆ ತಡೆ ತೆಗೆದು, ಆ ವಿಳಾಸವನ್ನೇ ಅಳಿಸಿಬಿಡುತ್ತಾರೆ. ಮುಂಬಾಗಿಲ ಬೀಗ ಒಮ್ಮೆಯೂ ತೆರೆಯುವುದಿಲ್ಲ.

ಈ ವಿದ್ಯೆ ಕಾಕಾನಿಗೆ ಒಂದೇ ಏಟಿಗೆ ಸಿದ್ಧಿಸಲಿಲ್ಲ. ಒಂದು ದಿನ ಅವರು ಉಪ್ಪು ಹಾಕಿ ಹೋದದ್ದು ತಿಳಿಯದೆ ಕಾಕುವೂ ಬಂದು ಹಾಕಿದರು. ಊಟಕ್ಕೆ ಕೂತವರೆಲ್ಲ ತುತ್ತಿಗೊಮ್ಮೆ ನೀರು ಕುಡಿಯುವುದನ್ನು ನೋಡಿ ಅಜ್ಜಿ, "ಈ ಸಲ ಬ್ಯಾಸಿಗಿ ಭಾಳ ಆತು ನೋಡ್ರಿ, ಪಾಪ!" ಎಂದು ಮರುಗಿದರು. ಅಂದಿನಿಂದ ಕಿಟಕಿಯ ಹತ್ತಿರ ಒಬ್ಬರೇ ಎಂಬ ನಿಯಮ ಬಂತು. ಇನ್ನೊಂದು ದಿನ ಕಾಕಾ ಕಿಟಕಿ ಮುಚ್ಚಲು ಮರೆತರು. ಪಕ್ಕದ ಮನೆಯ ಬೆಕ್ಕು ಸಾವಕಾಶ ಒಳಗೆ ಇಳಿದು, ಹಾಲೆಲ್ಲ ಕುಡಿದು, ಅಜ್ಜಿಯ ಮಡಿ ಸೀರೆಯ ಮೇಲೆ ಮಲಗಿತ್ತು! ಕಾಕು ಸೊಂಟಕ್ಕೆ ಸೆರಗು ಸಿಕ್ಕಿಸಿ, "ಉಪ್ಪ ಹಾಕೋದು ದೊಡ್ಡದಲ್ರೀ, ಹೊಳ್ಳಿ ಕಿಟಕಿ ಹಾಕೋದು ದೊಡ್ಡದು!" ಎಂದು ಜಾಡಿಸಿದರು. ಈ ಮಾತನ್ನು ಕಾಕಾ ಇಂದಿಗೂ ಆಫೀಸಿನ ಹೊಸಬರಿಗೆ, ತಾವೇ ಕಂಡುಹಿಡಿದ ಸೂತ್ರವೆಂಬಂತೆ ಗಂಭೀರವಾಗಿ ಹೇಳುತ್ತಾರೆ.

ಅಜ್ಜಿ ಹೋಗಿ ಬಹಳ ವರ್ಷಗಳಾದವು. ಕೊನೆಯವರೆಗೂ ಅವರಿಗೆ ಈ ಸುದ್ದಿ ತಿಳಿಯಲಿಲ್ಲ. ಬಂದವರೆಲ್ಲ ಸಾರು ಹೊಗಳುವಾಗ ಹಲ್ಲಿಲ್ಲದ ಬಾಯಲ್ಲಿ ಅವರು ನಗುತ್ತಿದ್ದುದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಅಮ್ಮ, ಕಾಕು, ನಾನು, ಅಕ್ಕ ಎಲ್ಲರೂ ಮಾಡಿ ನೋಡಿದೆವು. ಆ ರುಚಿ ಬರಲಿಲ್ಲ. ಎರಡು ಕೈ ಕೂಡಿ ಆಗುತ್ತಿದ್ದ ರುಚಿ ಒಂದು ಕೈಗೆ ಹೇಗೆ ಬಂದೀತು?

ಹೋದ ವರ್ಷ ಕಾಕುವಿಗೆ ಮೆಟ್ಟಿಲು ಹತ್ತಿದರೆ ಏದುಸಿರು ಬರತೊಡಗಿತು. ಬೈಯುವಾಗ ನಡುನಡುವೆ ನಿಲ್ಲಿಸಿ ಉಸಿರು ಎಳೆದುಕೊಳ್ಳುತ್ತಿದ್ದರು. ಆ ನಡುವಿನ ಮೌನಕ್ಕೆ ಕಾಕಾ ಹೆದರಿಹೋದರು. ಡಾಕ್ಟರು ಪರೀಕ್ಷೆ ಮಾಡಿ, ಹೃದಯದ ಒಂದು ಕವಾಟ ಕೆಟ್ಟಿದೆ, ಎದೆ ತೆರೆದು ಬದಲಿಸಬೇಕು, ಅದಕ್ಕೆ ಹೃದಯವನ್ನು ಸ್ವಲ್ಪ ಹೊತ್ತು ನಿಲ್ಲಿಸಬೇಕು ಎಂದರು.

ಕಾಕಾ ಕುರ್ಚಿಯ ತುದಿಗೆ ಬಂದರು. "ಚಾಲೂ ಹಾಲತ್ ಮೇ ನಹೀ ಹೋ ಸಕ್ತಾ?" ಎಂದು ಕೇಳಿದರು. ಈ ಕವಾಟಕ್ಕೆ ಆಗುವುದಿಲ್ಲ, ನಿಲ್ಲಿಸಲೇಬೇಕು ಎಂದರು ಡಾಕ್ಟರು. ಹೃದಯ ನಿಂತರೂ ರಕ್ತ ನಿಲ್ಲುವುದಿಲ್ಲ, ಹೊರಗೆ ಒಂದು ಯಂತ್ರದ ಮೂಲಕ ಅದಕ್ಕೆ ತಾತ್ಕಾಲಿಕ ದಾರಿ ಮಾಡಿಕೊಡುತ್ತೇವೆ, ಕೆಲಸ ಮುಗಿದ ಮೇಲೆ ಆ ದಾರಿ ತೆಗೆದುಬಿಡುತ್ತೇವೆ ಎಂದು ವಿವರಿಸಿದರು.

ಇದು ಕಾಕಾನಿಗೆ ಅರ್ಥವಾಗದ ಮಾತೇ? ಪ್ರಶ್ನೆಗಳ ಮಳೆಯೇ ಸುರಿಯಿತು. ಆ ದಾರಿ ಯಾರು ತೆಗೆಯುತ್ತಾರೆ? ಮೊದಲು ಯಾವುದನ್ನು ಬಿಚ್ಚುತ್ತಾರೆ? ಹೃದಯ ಸರಿಯಾಗಿ ಹೊಡೆದುಕೊಳ್ಳುತ್ತಿದೆ ಎಂದು ನೋಡಿಕೊಂಡ ಮೇಲೆ ತಾನೇ ಬಿಚ್ಚುವುದು? ಡಾಕ್ಟರು ನಕ್ಕು, "ನೀವೂ ಡಾಕ್ಟರೇ?" ಎಂದು ಕೇಳಿದರು.

"ಒಂದು ರೀತಿಯಲ್ಲಿ ಹೌದು" ಎಂದರು ಕಾಕಾ ಹಿಂದಿಯಲ್ಲಿ. "ಆದರೆ ನನ್ನ ಪೇಶಂಟುಗಳು ಯಾವತ್ತೂ ನನಗಾಗಿ ಊಟಕ್ಕೆ ಕಾದು ಕೂತಿಲ್ಲ."

ಹೊರಗೆ ಬೆಂಚಿನ ಮೇಲೆ ಕೂತಾಗ ಕಾಕಾ ನನ್ನ ಕಡೆ ನೋಡದೆ ಹೇಳಿದರು: "ನಾ ಯಾವ್ದನ್ನೂ ಯಾಕ ಬಂದ್ ಮಾಡೂದಿಲ್ಲ ಗೊತ್ತದ ಏನು? ಎಲ್ಲಾರೂ ನನ್ನ ಭಾಳ ಶ್ಯಾಣ್ಯಾ ಅಂತಾರ. ಶ್ಯಾಣ್ಯಾತನ ಅಲ್ಲ ಅದು, ಹೆದರಿಕಿ. ನಿಂತದ್ದು ಮತ್ತ ಚಾಲೂ ಆಗ್ಲಿಕ್ಕಿಲ್ಲ ಅಂತ ಹೆದರಿಕಿ." ನಾನು ಹುಟ್ಟಿದಾಗಿನಿಂದ ನೋಡಿದ ಕಾಕಾ ಅವರು. ಹೆದರಿಕೆ ಎಂಬ ಮಾತನ್ನು ಅವರ ಬಾಯಲ್ಲಿ ಮೊದಲ ಸಲ ಕೇಳಿದೆ. ಅವರ ಕೈ ಹಿಡಿದುಕೊಂಡು ಕೂತೆ.

ಆಪರೇಶನ್ನಿನ ಬೆಳಿಗ್ಗೆ ಕಾಕುವನ್ನು ಒಳಗೆ ಕರೆದೊಯ್ಯುವಾಗ ಕಾಕಾ ಗಾಲಿಮಂಚದ ಕಂಬಿ ಬಿಡಲೇ ಇಲ್ಲ. ಒಪ್ಪಿಗೆಯ ಸಹಿ ಹಾಕಿದವರೇ ಅವರು, ಆದರೂ ಬಿಡರು. ನರ್ಸು ಒಮ್ಮೆ ಹೇಳಿದಳು, ನಾನೊಮ್ಮೆ ಹೇಳಿದೆ. ಕೊನೆಗೆ ಕಾಕುವೇ ಹೇಳಿದರು: "ಬಿಡ್ರೀ. ಎಚ್ಚರಾದ ಕೂಡ್ಲೆ ನಿಮಗ ಬೈತೀನಿ. ಬೈದೆ ಅಂದ್ರ ಎಲ್ಲಾ ಬರೋಬರ್ ಚಾಲೂ ಆಗ್ಯದ ಅಂತ ತಿಳ್ಕೋರಿ." ಕಾಕಾ ಕಂಬಿ ಬಿಟ್ಟರು.

ಮರುದಿನ ನಮ್ಮನ್ನು ಒಳಗೆ ಬಿಟ್ಟರು. ಕಾಕುವಿನ ಬಾಯಿಯ ನಳಿಕೆ ಆಗಷ್ಟೇ ತೆಗೆದಿದ್ದರು. ಮುಖ ಬಿಳಿಚಿಕೊಂಡಿತ್ತು, ತಲೆಯ ಹತ್ತಿರದ ಪರದೆಯ ಮೇಲೆ ಹಸಿರು ಗೆರೆ ಕುಣಿಯುತ್ತಿತ್ತು. ಜೀವಮಾನವೆಲ್ಲ ಪರದೆ ನೋಡಿಯೇ ಅನ್ನ ತಿಂದ ಕಾಕಾ ಅದರ ಕಡೆ ತಿರುಗಿಯೂ ನೋಡಲಿಲ್ಲ. ಕಾಕುವಿನ ತುಟಿಗಳನ್ನೇ ನೋಡುತ್ತ ನಿಂತರು. ಕಾಕು ಕಣ್ಣು ತೆರೆದು, ಗಂಡನನ್ನು ಮೇಲಿಂದ ಕೆಳಗೆ ನೋಡಿ, ಎಳೆದೆಳೆದು ಹೇಳಿದರು: "ಅಂಗಿ ಗುಂಡಿ... ತಪ್ಪಿ ಹಾಕ್ಕೊಂಡ ಬಂದೀರಲ್ರೀ... ನಾಚಿಕಿ ಇಲ್ಲೇನು?"

ಕಾಕಾನ ಕಣ್ಣಿಂದ ನೀರು ಸುರಿಯತೊಡಗಿತು. ಗುಂಡಿ ಸರಿ ಮಾಡಿಕೊಳ್ಳಲಿಲ್ಲ. ಮಂಚದ ಹತ್ತಿರ ಬಗ್ಗಿ, "ಇನ್ನೊಮ್ಮೆ ಬೈ" ಎಂದರು.