ಹೊಸ ಮಷೀನಿನ ರೋಗ

ಹೊಸ ಕಂಪ್ಯೂಟರ್ ಹೊಲಿಗೆ ಮಷೀನು ಶುಕ್ರವಾರ ಬೆಳಿಗ್ಗೆ ಒಂಬತ್ತೂವರೆಗೆ ನಿಂತುಹೋಯಿತು. ಅದರ ಪುಟ್ಟ ಪರದೆಯ ಮೇಲೆ ‘ಇ-ಏಳು’ ಎಂದು ಕೆಂಪಗೆ ಮೂಡಿತು.

ಬಳ್ಳಾರಿಯ ಆ ಜೀನ್ಸ್ ಶೆಡ್ಡಿನಲ್ಲಿ ರಿಪೇರಿಗೆ ಇದ್ದವನು ಪಕ್ಕೀರಪ್ಪ. ಕುರುಗೋಡಿನಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ. ಇಪ್ಪತ್ತೆಂಟು ವರ್ಷಗಳಿಂದ ಅವನದು ಒಂದೇ ವಿದ್ಯೆ. ಸ್ಕ್ರೂಡ್ರೈವರಿನ ತುದಿಯನ್ನು ಮಷೀನಿಗೆ, ಹಿಡಿಯನ್ನು ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚುತ್ತಿದ್ದ. ಎಲ್ಲಿ ಸವೆದಿದೆ, ಎಲ್ಲಿ ಸಡಿಲಾಗಿದೆ ಎಂದು ಸದ್ದೇ ಅವನಿಗೆ ಹೇಳುತ್ತಿತ್ತು.

ಮಾಲೀಕ ಕೊಟ್ರಬಸಪ್ಪ ಬಂದು ನಿಂತರು. ದನಿ ಏರಿಸಲಿಲ್ಲ.

“ಪಕ್ಕೀರಪ್ಪ, ಇಂಥವು ಇನ್ನೂ ಹತ್ತು ಬರ್ತಾವ. ಮಧ್ಯಾಹ್ನದೊಳಗ ಇದನ್ನ ಓಡಿಸಿದ್ರ ರಿಪೇರಿ ಕೆಲಸ ನಿನ್ನ ಕೈಯಾಗ ಇರ್ತೈತಿ. ಇಲ್ಲಂದ್ರ ಕಂಪನಿಯವ್ರಿಗೆ ವರ್ಷದ ಗುತ್ತಿಗಿ ಕೊಟ್ಟುಬಿಡ್ತೀನಿ. ಬ್ಯಾಸರ ಮಾಡ್ಕೋಬ್ಯಾಡ.”

“ಓಡಿಸ್ತೀನ್ರಿ, ಸಾವ್ಕಾರ್ರೇ.”

ಪಕ್ಕೀರಪ್ಪ ಸ್ಕ್ರೂಡ್ರೈವರನ್ನು ಕಿವಿಗೆ ಒತ್ತಿದ. ಹೆಣ್ಣು ನೋಡಲು ಬಂದವರ ಮುಂದೆ ಕೂತ ಹುಡುಗಿಯಂತೆ ಮಷೀನು ತುಟಿ ಬಿಚ್ಚಲಿಲ್ಲ.

ಪಕ್ಕದಲ್ಲಿ ಜೇಬು ಹೊಲಿಯುತ್ತಿದ್ದ ಹೊನ್ನೂರಮ್ಮ ಕತ್ತು ಚಾಚಿದಳು. “ಆರಿಸಿ ಹಚ್ಚು, ಅಣ್ಣ. ನಮ್ಮನಿ ಟಿವಿ ಹಂಗ ಸರಿಯಾಗ್ತೈತಿ.”

ಆರಿಸಿ ಹಚ್ಚಿದ. ಇ-ಏಳು.

“ಫೋನಿನ್ಯಾಗ ವಿಡಿಯೋ ಇರ್ತೈತ್ರಿ ಕಾಕಾ,” ಎಂದು ಸರೋಜಾ ಕೆಲಸ ಬಿಟ್ಟು ಬಂದಳು. ವಿಡಿಯೋದವನು ಯಾವ ದೇಶದವನೋ, ಅವನ ಮಾತು ಯಾರಿಗೂ ತಿಳಿಯಲಿಲ್ಲ. ಬೆರಳು ಮಾತ್ರ ಮಷೀನಿನ ಬೆನ್ನು ತೋರಿಸುತ್ತಿತ್ತು. ಪಕ್ಕೀರಪ್ಪ ಬೆನ್ನಿನ ಹದಿನಾಲ್ಕು ಸ್ಕ್ರೂ ಬಿಚ್ಚಿದ. ಒಳಗೆ ಬೆಲ್ಟಿಲ್ಲ, ಚಕ್ರವಿಲ್ಲ. ಹಸಿರು ಹಲಗೆಯೊಂದರ ಮೇಲೆ ಇರುವೆ ಸಾಲಿನಂಥ ಚುಕ್ಕೆಗಳು. ಎಲ್ಲಿ ಕೈ ಇಡಬೇಕೆಂದು ತಿಳಿಯದೆ ಮತ್ತೆ ಮುಚ್ಚಿದ. ಈ ಸಲ ಹದಿಮೂರೇ ಸ್ಕ್ರೂ ಕೂತವು.

ಕೊನೆಗೆ ಕೈಗೆ ಬಂದ ಅಭ್ಯಾಸದಂತೆ ಸೂಜಿಯ ಹತ್ತಿರ ನಾಲ್ಕು ಹನಿ ಎಣ್ಣೆ ಬಿಟ್ಟ. ಪರದೆಯ ಮೇಲೆ ಇ-ಹನ್ನೊಂದು ಬಂತು.

“ಏಳಿದ್ದದ್ದು ಹನ್ನೊಂದಾತಲ್ರಿ!”

“ಸುಮ್ಕಿರಬೇ ಸರೋಜಾ. ಜ್ವರ ಏರಿದ ಮ್ಯಾಲ ಇಳಿಯಾದು,” ಎಂದಳು ಹೊನ್ನೂರಮ್ಮ.

ಪಕ್ಕೀರಪ್ಪನಿಗೆ ನಗು ಬರಲಿಲ್ಲ. ಐವತ್ತೆರಡರ ವಯಸ್ಸಿನಲ್ಲಿ ಬೇರೆ ಯಾವ ಶೆಡ್ಡಿನ ಬಾಗಿಲಿಗೆ ಹೋಗಿ ನಿಲ್ಲುವುದು? ಎಣ್ಣೆ ಒರೆಸಲು ಬಾಗಿದ. ಆಗ ಕಂಡಿತು.

ಸೂಜಿಯ ಹಿಂದೆ ಕರಿ ಗಾಜಿನ ಪುಟ್ಟದೊಂದು ಬಿಲ್ಲೆ. ಬಟ್ಟೆ ಬಂತೋ ಇಲ್ಲವೋ ಎಂದು ನೋಡುವ ಕಣ್ಣು ಅದು ಎಂದು ಮಷೀನು ತಂದವರು ಸೋಮವಾರವೇ ಹೇಳಿಹೋಗಿದ್ದರು. ಆ ಕಣ್ಣಿನ ತುಂಬ ಕುಂಕುಮ.

ಪ್ರತಿ ಶುಕ್ರವಾರ ಕೆಲಸಕ್ಕೆ ಮೊದಲು ಮಷೀನುಗಳಿಗೆಲ್ಲ ಕುಂಕುಮ ಹಚ್ಚುವವನು ಪಕ್ಕೀರಪ್ಪನೇ. ಈ ಹೊಸದಕ್ಕೆ ಹಣೆ ಯಾವುದೆಂದು ಅವನು ಬೆಳಿಗ್ಗೆ ಬಹಳ ಹೊತ್ತು ಹುಡುಕಿದ್ದ.

ಟವೆಲಿನ ತುದಿಯಿಂದ ಒರೆಸಿದ. ಕೆಂಪು ಅಕ್ಷರ ಆರಿತು. ಮಷೀನು ಸದ್ದಿಲ್ಲದೆ ಓಡಿತು. ಹೆಂಗಸರು ಚಪ್ಪಾಳೆ ತಟ್ಟಿದರು.

ಆ ಸದ್ದಿಗೆ ಕೊಟ್ರಬಸಪ್ಪ ಬಂದರು. “ಏನಾಗಿತ್ತಪ್ಪ?”

ಪಕ್ಕೀರಪ್ಪ ಟವೆಲನ್ನು ಬೆನ್ನ ಹಿಂದೆ ಹಿಡಿದ. “ಭಾಳ ದೊಡ್ಡ ರೋಗ ಇತ್ರಿ. ಒಳಗಿನ ನರಗಳ ಹಿಡಕೊಂಡಿದ್ವು. ಬ್ಯಾರೆಯವ್ರಾಗಿದ್ರ ಕೈ ಬಿಡ್ತಿದ್ರು. ಹೆಂಗೋ ಜೀವ ಉಳಿಸೀನಿ.”

ಕೊಟ್ರಬಸಪ್ಪ ಅವನ ಹೆಗಲ ಮೇಲೆ ಕೈಯಿಟ್ಟರು.

“ಶಾಣ್ಯಾ ಅದಿ. ಆದ್ರ ಬಂದು ನಾಕು ದಿನಕ್ಕ ಇಷ್ಟು ದೊಡ್ಡ ರೋಗ ಅಂದ್ರ, ಹತ್ತಕ್ಕೂ ಬಂದ್ರ ನೀನೊಬ್ಬ ಎಲ್ಲಿ ತಡೀತಿ? ಕಂಪನಿಯವ್ರಿಗೆ ಕೊಡಾದ ಛಲೋ.”

ಫೋನು ತೆಗೆಯುತ್ತ ಹೊರಗೆ ಹೋದರು.

ಹೊನ್ನೂರಮ್ಮ ಪಿಸುಗುಟ್ಟಿದಳು. “ಹೋಗಣ್ಣ ಲಗೂನ. ಬರೇ ಕುಂಕುಮ ಇತ್ತಂತ ಹೇಳಿಬಿಡು.”

ಪಕ್ಕೀರಪ್ಪ ಟವೆಲನ್ನು ನಿಧಾನವಾಗಿ ನಾಲ್ಕು ಮಡಿಕೆ ಮಾಡಿದ.

“ಹೇಳಬೌದವ್ವ. ಹಚ್ಚಿದವ್ರು ಯಾರಂತ ಕೇಳ್ತಾರಲ್ಲ.”