ಮಂಗಳವಾರದ ಕ್ಯಾರಿಯರ್

ಟೈಲರಕ್ಕನ ಕ್ಯಾರಿಯರನ್ನು ಸೋಲಿಸಿಯೇ ತೀರುತ್ತೇನೆಂದು ನಾನು ಭೀಷಣ ಪ್ರತಿಜ್ಞೆ ಮಾಡಿದ್ದು ನಮ್ಮ ಅಡುಗೆಮನೆಯಲ್ಲಿ, ಸೌಟು ಹಿಡಿದು, ಯಾರೂ ಇಲ್ಲದಾಗ. ಯಾರಾದರೂ ಇದ್ದರೆ ನನಗೆ ಮಾತೇ ಹೊರಡುವುದಿಲ್ಲ!

ವಿಷಯ ಇಷ್ಟು. ಮೇಲಿನ ಮಹಡಿಯ ಲೈಬ್ರರಿ ಆಂಟಿಗೆ ಕ್ಯಾನ್ಸರ್. ಚಿಕಿತ್ಸೆ ಶುರುವಾದ ಮೇಲೆ ಆ ಮನೆಯಲ್ಲಿ ಒಲೆ ಹಚ್ಚುವವರಿಲ್ಲ. ಅಂಕಲ್‌ಗೆ ನೀರು ಕಾಯಿಸುವುದು ಬಿಟ್ಟರೆ ಬೇರೆ ವಿದ್ಯೆ ಬಾರದು. ಇಬ್ಬರು ಗಂಡುಮಕ್ಕಳಿಗೆ ಅದೂ ಬಾರದು. ಕಟ್ಟಡದವರೆಲ್ಲ ದಿನ ಹಂಚಿಕೊಂಡರು. ಅಮ್ಮ ಕೆಲಸಕ್ಕೆ ಹೋಗುವುದರಿಂದ ನಮ್ಮ ಮನೆಯ ಮಂಗಳವಾರ ನನ್ನ ಪಾಲಿಗೆ ಬಂತು. ಹತ್ತನೇ ತರಗತಿಯನ್ನು ಅರ್ಧಕ್ಕೆ ಬಿಟ್ಟ ಮೇಲೆ, ನನ್ನನ್ನು ನಂಬಿ ಯಾರಾದರೂ ಒಪ್ಪಿಸಿದ ಮೊದಲ ಕೆಲಸ ಅದು. ಬುಧವಾರ ಟೈಲರಕ್ಕನದು.

ಆಂಟಿಗೆ ಆಸ್ಪತ್ರೆಯವರು ಕೊಟ್ಟ ಪಥ್ಯದ ಪಟ್ಟಿಯನ್ನು ನಾನು ಬಾಯಿಪಾಠ ಮಾಡಿದೆ. ಖಾರವಿಲ್ಲ, ಹುಳಿಯಿಲ್ಲ, ಉಪ್ಪು ಒಂದೇ ಚಿಟಿಕೆ. ಅನ್ನವನ್ನು ಬೆಣ್ಣೆಯ ಹಾಗೆ ಬೇಯಿಸಿದೆ, ತರಕಾರಿ ಸೂಪನ್ನು ಎರಡು ಸಲ ಸೋಸಿದೆ. ಮುಚ್ಚಳದ ಮೇಲೆ ಚೀಟಿ ಅಂಟಿಸಿದೆ: 'ಎರಡು ಗಂಟೆಯೊಳಗೆ ಊಟ ಮಾಡಿ. ಉಳಿದದ್ದನ್ನು ಇಟ್ಟುಕೊಳ್ಳದೆ ವಾಪಸ್ ಕಳಿಸಿ.' ಬಾಗಿಲ ಮುಂದಿಟ್ಟು, ಬೆಲ್ ಒತ್ತಿ, ಮೆಟ್ಟಿಲಿಳಿದು ಓಡಿಬಂದೆ. ಮಾತಾಡಿಸಿಬಿಟ್ಟರೆ!

ಕ್ಯಾರಿಯರ್ ವಾಪಸ್ ಬಂತು. ಅರ್ಧ ಊಟ ಹಾಗೇ ಇತ್ತು. ನಾಲ್ಕು ಮಂಗಳವಾರವೂ ಅರ್ಧ! ಟೈಲರಕ್ಕನದೋ, ನೆಕ್ಕಿದ ಹಾಗೆ ಖಾಲಿ. ಅದನ್ನು ಟಣಟಣ ಅನ್ನಿಸುತ್ತ ಅವರು ಮೆಟ್ಟಿಲಿಳಿಯುವಾಗ ನನ್ನ ಹೊಟ್ಟೆಗೆ ಬೆಂಕಿ ಬೀಳುತ್ತಿತ್ತು.

"ಅರ್ಧಕ್ಕೆ ಬಿಟ್ಟವಳ ಊಟ ಅಲ್ವಾ, ಅವರೂ ಅರ್ಧಕ್ಕೇ ಬಿಡ್ತಾರೆ," ಎಂದ ಅಣ್ಣ.

ಐದನೇ ಮಂಗಳವಾರ ಪಟ್ಟಿಯನ್ನು ಮಡಚಿ ಡ್ರಾಯರಿಗೆ ಹಾಕಿದೆ. ಟೈಲರಕ್ಕ ಯಾವ ಪಟ್ಟಿ ನೋಡುತ್ತಾರೆ? ಅವರ ಒಗ್ಗರಣೆಗೆ ಇಡೀ ಕಟ್ಟಡ ಸೀನುತ್ತದೆ! ಬೆಳ್ಳುಳ್ಳಿ ಹುರಿದೆ, ಮೆಣಸಿನಕಾಯಿ ಕರಿದೆ, ಆಲೂಗಡ್ಡೆಯನ್ನು ಎಣ್ಣೆಯಲ್ಲಿ ಮುಳುಗಿಸಿ ತೆಗೆದೆ. ಬಚ್ಚಲುಮನೆಯಲ್ಲಿದ್ದ ಅಣ್ಣ ಏಳು ಸಲ ಸೀನಿದ. ಶುಭಸೂಚನೆ!

ಸಂಜೆ ಕ್ಯಾರಿಯರ್ ಬಂತು. ಖಾಲಿ! ತಳದಲ್ಲಿ ನನ್ನ ಮುಖ ಕಂಡಿತು, ಮುಖದ ತುಂಬ ಹಲ್ಲು ಕಂಡವು.

ಮರುದಿನ ಬೆಳಿಗ್ಗೆ ಕೊರಳಿಗೆ ಟೇಪು ಹಾಕಿಕೊಂಡೇ ಟೈಲರಕ್ಕ ನಮ್ಮ ಬಾಗಿಲಿಗೆ ಬಂದರು.

"ಏನೇ ಪುಟ್ಟಿ, ನಿನ್ನೆ ಏನು ಕಳಿಸಿದ್ದೆ?"

"ಖಾಲಿಯಾಯ್ತಲ್ಲ ಅಕ್ಕ," ಎಂದೆ. ಅಷ್ಟು ಜೋರಾಗಿ ನಾನು ಎಂದೂ ಮಾತಾಡಿರಲಿಲ್ಲ.

"ಆಗದೆ ಏನು? ಅಪ್ಪ ಮಕ್ಕಳು ಕಿತ್ತಾಡ್ಕೊಂಡು ತಿಂದ್ರಂತೆ. ಆಂಟಿ ಮಾತ್ರ ನೀರು ಕುಡಿದು ಮಲಗಿದ್ರು."

"ಯಾಕೆ?"

"ಬಾಯೆಲ್ಲ ಹುಣ್ಣು ಕಣೇ! ಬೇರೆ ದಿನ ಬರೀ ಹಾಲು. ಊಟ ಅಂತ ಗಂಟಲಲ್ಲಿ ಇಳಿಯೋದು ನಿಂದೊಂದೇ. ಅದಕ್ಕೇ ಮಂಗಳವಾರ ಆ ಗಂಡಸರು ನಿನ್ನ ಕ್ಯಾರಿಯರ್ ಮುಟ್ಟದೆ ಬ್ರೆಡ್ ತಿಂತಿದ್ರು. ಆಂಟಿ ಆದಷ್ಟು ತಿಂದ ಮೇಲೆ, ಉಳಿದಿದ್ದು ನಿನ್ನ ಚೀಟಿ ಹೇಳಿದ ಹಾಗೆ ವಾಪಸ್! ಒಂದು ನಿಮಿಷ ನಿಂತಿದ್ರೆ ಅವರೇ ಹೇಳ್ತಿದ್ರು. ನೀನೋ, ಬೆಲ್ ಒತ್ತಿ ಕಳ್ಳಿ ಥರ ಓಡ್ತೀಯ!"

ನನ್ನ ಹಲ್ಲುಗಳೆಲ್ಲ ಒಳಗೆ ಹೋದವು. ಡ್ರಾಯರಿನಿಂದ ಪಟ್ಟಿ ಹೊರಗೆ ಬಂತು. ಒಂದು ಗಂಟೆಯಲ್ಲಿ ಅನ್ನ, ಸೂಪು ಸಿದ್ಧ. ಮೇಲೆ ಹೋಗಿ ಬೆಲ್ ಒತ್ತಿದೆ. ಈ ಸಲ ನಿಂತೆ. ಹಿಂದೆ ಟೈಲರಕ್ಕ ನಿಂತಿದ್ದರು. ಓಡಲು ದಾರಿಯೂ ಇರಲಿಲ್ಲ.

ಆಂಟಿ ಒಂದೊಂದೇ ಚಮಚ ತಿಂದರು. ಸರಿಯಾಗಿ ಅರ್ಧ. "ನಿನ್ನೆ ಎಲ್ಲಿ ಹೋಗಿದ್ದೆ ಮರಿ?" ಎಂದರು.

ಮೆಟ್ಟಿಲಿಳಿಯುವಾಗ ಟೈಲರಕ್ಕ ನನ್ನ ತೋಳು ಹಿಡಿದರು. "ನಾನು ಮಾಡಿದ್ದನ್ನೆಲ್ಲ ಆ ಗಂಡಸರೇ ಖಾಲಿ ಮಾಡ್ತಿದ್ರು, ಆಂಟಿ ಒಂದು ದಿನವೂ ಮುಟ್ಟಲಿಲ್ಲ. ನಿನ್ನ ಮೇಲೆ ಎಷ್ಟು ಹೊಟ್ಟೆ ಉರ್ಕೊಂಡಿದ್ದೀನಿ ಗೊತ್ತಾ? ನನಗೂ ಕಲಿಸೇ."

ನನ್ನ ಎದೆ ಉಬ್ಬಿತು. ಜೀವನದಲ್ಲಿ ಮೊದಲ ಶಿಷ್ಯೆ! "ಎಣ್ಣೆ ಹಾಕಬಾರದು ಅಕ್ಕ. ಖಾರ ಹಾಕಬಾರದು. ಹುಳಿ ಹಾಕಬಾರದು. ಒಗ್ಗರಣೆ ಹೆಸರೇ ಎತ್ತಬಾರದು."

"ಮತ್ತೆ ಏನು ಹಾಕ್ತೀಯೆ?"

"ನೀರು."

ಟೈಲರಕ್ಕ ಮೆಟ್ಟಿಲ ಮೇಲೇ ಕುಳಿತುಬಿಟ್ಟರು. "ಅಯ್ಯೋ ನನ್ನ ಕರ್ಮವೇ! ಒಂದು ತಿಂಗಳಿಂದ ನಾನು ಹೊಟ್ಟೆ ಉರ್ಕೊಂಡಿದ್ದು ನೀರಿಗಾ?"