ಗಾಜಿನ ಪೆಟ್ಟಿಗೆಯಲ್ಲಿ ಹಿಡಿಸದ ವೀಣೆ

ವೀಣೆ ರಿಪೇರಿ ಮಾಡುವ ನನಗೆ ವೀಣೆಗಳಿಂದ ತೊಂದರೆಯಾದದ್ದು ಕಡಿಮೆ. ಅವುಗಳ ಮೇಲೆ ಗೌರವ ಇಟ್ಟುಕೊಂಡವರಿಂದ ಮಾತ್ರ ವರ್ಷಕ್ಕೆ ನಾಲ್ಕಾರು ಸಲ ಆಗುತ್ತಲೇ ಇರುತ್ತದೆ. ಕಳೆದ ವರ್ಷ ಒಂದೇ ವೀಣೆಗೆ ಮೂರು ಸಲ ಗೌರವ ಸಂದಿತು. ಅದು ಭದ್ರಾವತಿ ಓಲ್ಡ್ ಟೌನಿನ ನಿವೃತ್ತ ಸಂಗೀತ ಟೀಚರೊಬ್ಬರದು. ಅವರು ಫೋನಿನಲ್ಲಿ ಕೇಳಿದ್ದು ಇಷ್ಟೇ: "ಬೆರಳು ಇನ್ನೂ ಹೇಳಿದ ಮಾತು ಕೇಳ್ತಿವೆ. ಅವು ಕೈಕೊಡೋದ್ರೊಳಗೆ ಇದನ್ನ ನುಡಿಸೋ ಹಾಗೆ ಮಾಡಿಕೊಡಪ್ಪ."

೧. ಸ್ನಾನ

ವೀಣೆಯನ್ನು ಶಿವಮೊಗ್ಗ ದುರ್ಗಿಗುಡಿಯ ನನ್ನ ಅಂಗಡಿಗೆ ತಂದವರು ಅವರ ಮಗ. ಆಯುಧಪೂಜೆಗೆ ಸ್ಕೂಟರ್ ತೊಳೆದ ಕೈಯಲ್ಲೇ ವೀಣೆಯನ್ನೂ ತೊಳೆದಿದ್ದರು, ಪೈಪ್ ಹಿಡಿದು. ಮೇಲ್ಹಲಗೆ ಹಪ್ಪಳದಂತೆ ಉಬ್ಬಿತ್ತು.

"ಶಾಂಪೂನೂ ಹಾಕಿದ್ರಾ?"

"ಹಾಕಿದ್ವಿ ಸಾರ್. ಕಾರಿಂದು, ಒಳ್ಳೇದು."

ಅವರಿಗೆ ಈಗ ವೀಣೆಗೆ ಚಿನ್ನದ ಬಣ್ಣ ಬೇಕಿತ್ತು. ದಪ್ಪಗೆ ಬಣ್ಣ ಬಳಿದರೆ ನಾದ ಸಾಯುತ್ತದೆ ಎಂದೆ.

"ಸೌಂಡ್ ಬಿಡಿ ಸಾರ್, ಹಾಲ್‌ನಲ್ಲಿ ಟೀವಿ ಇದೆಯಲ್ಲ."

೨. ನೆರಳು

ಹಲಗೆ ಬದಲಿಸಿದೆ. ಬಣ್ಣ ಬಳಿಯಲಿಲ್ಲ. ವೀಣೆಯ ತಂತಿಗಳಡಿಯ ಹಿತ್ತಾಳೆ ಮೆಟ್ಟಿಲುಗಳು ನಿಲ್ಲುವುದು ಮೇಣದ ಮೇಲೆ; ಒಂದೊಂದನ್ನೂ ಕಿವಿಗೊಟ್ಟು ಅದರ ಜಾಗದಲ್ಲಿ ಕೂರಿಸಬೇಕು. ಒಂದು ವಾರ ಹಿಡಿಯಿತು. "ಬಿಸಿಲಲ್ಲಿ ಇಡಬೇಡಿ" ಎಂದು ಮಗನಿಗೆ ಎರಡು ಸಲ ಹೇಳಿ ಒಪ್ಪಿಸಿದೆ. ಅವರು ಇಡಲಿಲ್ಲ. ವೀಣೆಯನ್ನು ಕಾರಿನೊಳಗೆ ನೆರಳಲ್ಲಿಟ್ಟು, ಕಾರನ್ನು ಬಿಸಿಲಲ್ಲಿಟ್ಟು, ಮದುವೆ ಊಟಕ್ಕೆ ಹೋದರು.

ಸಂಜೆ ಟೀಚರ ಫೋನು. "ಏನಪ್ಪ, ಸ್ವರಗಳೆಲ್ಲ ಒಂದೇ ಮೂಲೆಗೆ ಬಂದು ಕೂತಿವೆ. ಏನಾದ್ರೂ ಮೀಟಿಂಗ್ ಇದೆಯಾ?"

ಅಷ್ಟರಲ್ಲಿ ಮಗ ಫೋನ್ ಇಸಿದುಕೊಂಡರು. "ಈ ಸಲ ಮೇಣ ಬೇಡ ಸಾರ್, ವೆಲ್ಡಿಂಗ್ ಮಾಡಿಸಿಬಿಡಿ. ನಮ್ಮ ಭದ್ರಾವತೀಲಿ ವೆಲ್ಡರ್‌ಗಳಿಗೇನು ಬರವಾ?"

೩. ಪರಂಪರೆ

ನಾನು ಮತ್ತೆ ಮೆಟ್ಟಿಲು ಕೂರಿಸಿ ಮುಗಿಸುವಷ್ಟರಲ್ಲಿ, ಆ ವೀಣೆಯನ್ನು ಶಿವಮೊಗ್ಗದ ಒಂದು ಪರಂಪರೆ ಉಳಿಸುವ ಸಂಘಕ್ಕೆ ಕೊಡುವುದಾಗಿ ಮಗ ಮಾತು ಕೊಟ್ಟಾಗಿತ್ತು. ಸಂಘದ ಅಧ್ಯಕ್ಷರು ಅಂಗಡಿಗೆ ಬಂದಾಗ ಟೀಚರ್ ಅಲ್ಲೇ ಕೂತು ಶ್ರುತಿ ನೋಡುತ್ತಿದ್ದರು.

"ಅಮ್ಮ, ದಯವಿಟ್ಟು ಮುಟ್ಟಬೇಡಿ. ಅದು ಪರಂಪರೆ."

"ನಲವತ್ತು ವರ್ಷ ನಾನು ಮುಟ್ಟಿದ್ದಕ್ಕೇ ಅದು ಪರಂಪರೆ ಆಗಿದ್ದು ಮಾರಾಯ್ರೇ. ಇಲ್ದಿದ್ರೆ ಬರೀ ಹಲಸಿನ ಮರ."

ಅಧ್ಯಕ್ಷರು ನನ್ನ ಕಡೆ ತಿರುಗಿದರು. ಸಾಗುವಾನಿಯ ಗಾಜಿನ ಪೆಟ್ಟಿಗೆ ಆಗಲೇ ಸಿದ್ಧವಾಗಿದೆ, ಉದ್ಘಾಟನೆಯ ಕಾರ್ಡೂ ಹಂಚಿಯಾಗಿದೆ. ಸಣ್ಣ ತೊಡಕೆಂದರೆ ವೀಣೆ ಪೆಟ್ಟಿಗೆಗಿಂತ ಅರ್ಧ ಅಡಿ ಉದ್ದ. "ತುದೀಲಿ ಯಾವುದೋ ಪ್ರಾಣಿ ತಲೆ ಇದೆಯಲ್ಲ, ಅದನ್ನು ಕಡಿದುಕೊಡಿ."

"ಪೆಟ್ಟಿಗೇನೇ ಉದ್ದ ಮಾಡಿಸಬಹುದಲ್ಲ?"

"ಛೆ, ಅದು ಹೊಸಾ ಪೆಟ್ಟಿಗೆ ರೀ! ಇದು ಹೇಗೂ ಹಳೇದು."

ಟೀಚರ್ ವೀಣೆಯನ್ನು ಮಡಿಲಿಗೆ ಎಳೆದುಕೊಂಡರು. ಬಿರುಕು ಬಿಟ್ಟಿತೆಂದು ಆ ವೀಣೆಯ ದಂಡಿಯ ಕೆಳಗಿನಿಂದಲೇ ನಾನು ಕಳಚಿಟ್ಟಿದ್ದ ಹಳೆಯ ಸೋರೆ ಬುರುಡೆ ಕಸದ ಬುಟ್ಟಿಯ ಪಕ್ಕ ಬಿದ್ದಿತ್ತು. ಅದನ್ನು ತೋರಿಸಿ, "ಇದನ್ನ ತಗೊಂಡ್ಹೋಗಿ, ನಿಮ್ಮ ಅಳತೆಗೆ ಸರಿಯಾಗುತ್ತೆ. ವೀಣೆ ನಾನೇ ತಂದು ಅಲ್ಲಿ ನುಡಿಸ್ತೀನಿ" ಎಂದರು. ಅಧ್ಯಕ್ಷರು ಬುರುಡೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೋದರು.

ಉದ್ಘಾಟನೆಯ ದಿನ ಬುರುಡೆಗೆ ಗಂಧ, ಹಾರ, ಮೇಲೊಂದು ಫೋಕಸ್ ಲೈಟು. ಜನ ಸಾಲುಗಟ್ಟಿ ಕೈಮುಗಿದರು. ಮಗ ಅದರ ಜೊತೆ ಸೆಲ್ಫಿ ತೆಗೆದುಕೊಂಡರು. ವೇದಿಕೆಯ ಒಂದು ಬದಿಯಲ್ಲಿ ಟೀಚರ್ ನುಡಿಸತೊಡಗಿದರು. ಬೆರಳುಗಳು ಒಂದು ಸ್ವರದಲ್ಲೂ ತಪ್ಪಲಿಲ್ಲ. ಐದು ನಿಮಿಷವೂ ಆಗಿರಲಿಲ್ಲ, ಅಧ್ಯಕ್ಷರು ಮೈಕ್ ಸಮೇತ ಬಗ್ಗಿದರು.

"ಅಮ್ಮ, ಸ್ವಲ್ಪ ನಿಲ್ಲಿಸ್ತೀರಾ? ವೀಣೆ ನುಡಿಸೋರೇ ಇಲ್ಲದಂತಾಗಿದೆ ಅಂತ ಭಾಷಣ ಮಾಡ್ಬೇಕು. ಈ ಸದ್ದಲ್ಲಿ ಯಾರಿಗೂ ಕೇಳಿಸಲ್ಲ."

ಟೀಚರ್ ಕೈ ನಿಲ್ಲಿಸಲಿಲ್ಲ. "ಆ ಪೆಟ್ಟಿಗೆ ಮುಂದೆ ಹೋಗಿ ಮಾತಾಡಿ ಮಾರಾಯ್ರೇ. ಅದು ತಿರುಗಿ ನುಡಿಯಲ್ಲ."